ಮೂರು ತಟ್ಟೆಯ ತಕ್ಕಡಿ

ಸೋಮವಾರ ಟೀ ಜೊತೆ ಕೊಟ್ಟ ಬಿಸ್ಕತ್ತು ಇನ್ನೊಂದು ಚೂರು ದೊಡ್ಡದಿದ್ದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಬಾಯಿ ತುಂಬಿರುತ್ತಿತ್ತು, ಮಾತು ಒಳಗೇ ಉಳಿಯುತ್ತಿತ್ತು. ಆದರೆ ಬಿಸ್ಕತ್ತು ಎರಡೇ ಕಡಿತಕ್ಕೆ ಮುಗಿಯಿತು, ಅರೆಗ್ರಾಂನ ಬಾಯಿ ಖಾಲಿಯಾಯಿತು.

ಅರೆಗ್ರಾಂ ಎಂದರೆ ತೂಕ ಮತ್ತು ಅಳತೆ ಕಚೇರಿಯ ಇನ್‌ಸ್ಪೆಕ್ಟರು. ಹದಿನೆಂಟು ವರ್ಷದಿಂದ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷೆ ಮಾಡುವುದೇ ಅವನ ಕೆಲಸ. ಒಮ್ಮೆ ಅರ್ಧ ಗ್ರಾಂ ವ್ಯತ್ಯಾಸಕ್ಕೆ ಒಬ್ಬ ಅಂಗಡಿಯವನ ಮೇಲೆ ಕೇಸು ಬರೆದು ಈ ಹೆಸರು ಸಂಪಾದಿಸಿದ್ದ. ಈಗ ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಅವತ್ತು ಅವನಿಗೆ ಮೊದಲೇ ತಲೆ ತಿರುಗಿತ್ತು. ಹಿಂದಿನ ವಾರ ಒಂದು ದಿನಸಿ ಅಂಗಡಿಯಲ್ಲಿ, ಮುಳ್ಳನ್ನು ಸೊನ್ನೆಗೆ ತರುವ ಗುಂಡಿ ಬರೀ ಸುಮ್ಮನೆ ತಿರುಗುತ್ತಿದ್ದ ತಕ್ಕಡಿಯನ್ನು ಹಿಡಿದಿದ್ದ. ಕಚೇರಿಯ ಮುಖ್ಯಸ್ಥೆ ಮೇಡಂ ಅವತ್ತು ಟೀಗೆ ಮುಂಚೆ ಅದನ್ನು ಎಲ್ಲರ ಮುಂದೆ ಅವನ ಬಾಯಲ್ಲೇ ಹೇಳಿಸಿದ್ದರು. ಅರೆಗ್ರಾಂ ಎದೆ ಉಬ್ಬಿಸಿ, "ಗುಂಡಿ ತಿರುಗ್ತಿದೆ ಅಂದ ಮಾತ್ರಕ್ಕೆ ಒಳಗೆ ಏನಾದ್ರೂ ತಿರುಗ್ತಿದೆ ಅಂತ ನಂಬಬಾರದು. ನಾನು ಮೊದಲು ಅದನ್ನೇ ಪರೀಕ್ಷೆ ಮಾಡೋದು" ಎಂದು ಭಾಷಣ ಬಿಗಿದಿದ್ದ. ಚಪ್ಪಾಳೆಯೂ ಬಿದ್ದಿತ್ತು.

ಆ ಗುಂಗಿನಲ್ಲಿರುವಾಗಲೇ ಫೋಟೋ ವಿಷಯ ಬಂತು. ಕಚೇರಿಗೆ ಐವತ್ತು ವರ್ಷ ತುಂಬಿದ್ದಕ್ಕೆ ಶುಕ್ರವಾರ ಎಲ್ಲರೂ ಒಟ್ಟಿಗೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು, ಬಾಗಿಲ ಪಕ್ಕದ ಹಳೇ ಫೋಟೋ ಜೊತೆ ತೂಗುಹಾಕಬೇಕು. ಆ ಹಳೇ ಫೋಟೋದ ಮೇಲೆ ಮೇಡಂಗೆ ಭಾರೀ ಅಭಿಮಾನ. "ನೋಡಿ, ಒಬ್ಬೊಬ್ಬರ ಮೀಸೆ ಕೂದಲೂ ಎಣಿಸಬಹುದು. ಆಗ ಆಟೋಮ್ಯಾಟಿಕ್ ಅನ್ನೋದು ಎಲ್ಲಿತ್ತು? ಬೆಳಕನ್ನ ಕಣ್ಣಲ್ಲಿ ಅಳೆದು, ಕೈಯಲ್ಲಿ ತಿರುಗಿಸಿ ತೆಗೆದದ್ದು. ಈಗಿನೋರು ಯಾರು ಹಾಗೆ ತೆಗೀತಾರೆ?" ಎಂದರು.

"ನಾನು ತೆಗೀತೀನಿ ಮೇಡಂ," ಎಂದಿತು ಅರೆಗ್ರಾಂನ ಖಾಲಿ ಬಾಯಿ. "ನಾನು ಯಾವತ್ತೂ ಆಟೋ ಮುಟ್ಟೋನೇ ಅಲ್ಲ. ಏನಿದ್ರೂ ಮ್ಯಾನುವಲ್ಲೇ."

ಅವನು ಅಷ್ಟರವರೆಗೆ ಮಾಡಿದ್ದು ಇಷ್ಟೇ: ಅಕ್ಕನ ಗಂಡ ಸ್ಟುಡಿಯೋ ಇಟ್ಟಿದ್ದ ಕಾಲದಲ್ಲಿ ಎರಡು ಸಲ ದೀಪದ ಬಿಳಿ ಛತ್ರಿ ಹಿಡಿದುಕೊಂಡು ನಿಂತಿದ್ದ.

ಮೇಡಂ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಹೌದೇನ್ರಿ? ಯಂತ್ರ ಹೇಳಿದ್ದನ್ನ ನಂಬೋದು ಗಿರಾಕಿ ಕೆಲಸ, ಪರೀಕ್ಷೆ ಮಾಡೋದು ನಮ್ಮ ಕೆಲಸ. ನಿಮ್ಮಂಥೋರೇ ನನಗೆ ಮಾದರಿ ಕೋಣೆಗೆ ಬೇಕಾಗಿರೋದು. ಶುಕ್ರವಾರ ಫೋಟೋ ಆಗಲಿ, ಆ ಕೋಣೆ ಕೀ ವಿಷಯ ಆಮೇಲೆ ಮಾತಾಡೋಣ."

ಮಾದರಿ ಕೋಣೆ! ಊರಿನ ಎಲ್ಲ ತಕ್ಕಡಿಗಳಿಗೂ ಪ್ರಮಾಣವಾದ ತೂಕದ ಬಟ್ಟುಗಳು ಮಖಮಲ್ ಪೆಟ್ಟಿಗೆಯಲ್ಲಿ ಮಲಗಿರುವ ತಣ್ಣನೆಯ ಕೋಣೆ. ಅಲ್ಲಿ ಕುಳಿತವನು ಬಿಸಿಲಲ್ಲಿ ಅಲೆಯಬೇಕಿಲ್ಲ, ಮೆಟ್ಟಿಲು ಹತ್ತಿ ಮಂಡಿ ಸವೆಸಬೇಕಿಲ್ಲ, ಮೀನಿನಂಗಡಿಯವಳ ಚಾಕುವಿನ ಮುಂದೆ ನಿಂತು ಕಾನೂನು ಹೇಳಬೇಕಿಲ್ಲ. ಹಳೆಯ ಉಸ್ತುವಾರಿ ಹೋದ ತಿಂಗಳು ನಿವೃತ್ತರಾದ ಮೇಲೆ ಅರೆಗ್ರಾಂ ಕನಸಿನಲ್ಲೂ ಆ ಕುರ್ಚಿಯಲ್ಲೇ ಕೂರುತ್ತಿದ್ದ. ಪಕ್ಕದ ಮೇಜಿನ ಇನ್‌ಸ್ಪೆಕ್ಟರಿಗೂ ಅದೇ ಕನಸು. ಯಾರು ಏನು ಹೇಳಿದರೂ ಎರಡೆರಡು ಸಲ ಹೂಂಗುಟ್ಟುವ ಆತನಿಗೆ ಕಚೇರಿಯಲ್ಲಿ ಇಟ್ಟ ಹೆಸರು ಹೌದೌದು.

ಅವತ್ತು ಸಂಜೆಯೇ ಅರೆಗ್ರಾಂ ಭಾವನ ಮನೆಗೆ ಓಡಿ ಕ್ಯಾಮೆರಾ ಎತ್ತಿಕೊಂಡ. "ಲೋ, ನಿಂತ್ಕೊಳೋ, ಅದರದ್ದೊಂದು ವಿಷಯ ಹೇಳ್ತೀನಿ," ಎಂದು ಭಾವ ಹಿಂದೆಯೇ ಬಂದರು. "ಎಲ್ಲ ಗೊತ್ತು ಬಿಡಿ ಭಾವ, ಎರಡು ಸಲ ನಿಮಗೆ ಛತ್ರಿ ಹಿಡಿದೋನಲ್ವಾ ನಾನು?" ಎಂದು ಅರೆಗ್ರಾಂ ಮೆಟ್ಟಿಲು ಇಳಿದೇಬಿಟ್ಟ.

ಮಂಗಳವಾರ, ಬುಧವಾರ, ಗುರುವಾರ ಹೇಗೆ ಕಳೆದವೋ ಅವನಿಗೇ ಗೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಅವನು ಅಡುಗೆಮನೆ ಬಾಗಿಲಲ್ಲಿ ಮಂಡಿಯೂರಿ ಹೆಂಡತಿಯ ಫೋಟೋ ತೆಗೆಯುತ್ತಿದ್ದ. ಕ್ಯಾಮೆರಾದ ಮೇಲ್ಭಾಗದ ಪುಟ್ಟ ಕಿಟಕಿಯಲ್ಲಿ ಬರಬೇಕಾದ ಅಂಕಿಗಳು ಯಾವತ್ತೋ ಸತ್ತಿದ್ದವು. ತೆಗೆದ ಚಿತ್ರ ಮಾತ್ರ ಹಿಂದಿನ ಪರದೆಯಲ್ಲಿ ಕಾಣುತ್ತಿತ್ತು. ಕಾಣುವಂಥದ್ದು ಇದ್ದರೆ ತಾನೇ!

"ಎಲ್ಲಿ, ತೋರಿಸಿ," ಎಂದಳು ಹೆಂಡತಿ. ನೋಡಿದಳು. "ಇದೇನ್ರಿ, ಕರೆಂಟು ಹೋಗಿತ್ತಾ?"

"ತಡಿಯೇ. ಶಟರ್ ಜಾಸ್ತಿ ಹೊತ್ತು ತೆರೀಬೇಕು." ಚಕ್ರ ತಿರುಗಿಸಿ ಮತ್ತೆ ಕ್ಲಿಕ್ಕಿಸಿದ.

"ನನಗೆ ಮೂರು ಕೈ ಬಂದಿದೆ. ಬರಲಿ ಬಿಡಿ, ಈ ಮನೆ ಕೆಲಸಕ್ಕೆ ಬೇಕಾಗಿತ್ತು."

"ಅಲುಗಾಡಬೇಡ ಅಂದ್ನಲ್ಲ! ಈಗ ಲೆನ್ಸಿನ ಕಿಂಡಿ ದೊಡ್ಡದು ಮಾಡ್ತೀನಿ." ಮತ್ತೆ ಕ್ಲಿಕ್ಕು.

"ಈಗ ನಾನೆಲ್ಲಿ? ಬರೀ ಸುಣ್ಣ ಬಳಿದ ಗೋಡೆ ಕಾಣ್ತಿದೆ."

ಅರೆಗ್ರಾಂ ತಲೆ ಚಚ್ಚಿಕೊಂಡ. ಕಿಂಡಿ ಎಷ್ಟು ಅಗಲ ತೆರೆಯಬೇಕು, ಶಟರ್ ಎಷ್ಟು ಹೊತ್ತು ತೆರೆದಿರಬೇಕು, ಬೆಳಕು ಹೀರುವ ಚುರುಕು, ಅಂದರೆ ಐಎಸ್ಓ, ಎಷ್ಟಿಡಬೇಕು ಎಂದು ಮೂರು ಲೆಕ್ಕ. ಒಂದನ್ನು ಸರಿಮಾಡಿದರೆ ಇನ್ನೆರಡು ಕೆಡುತ್ತಿದ್ದವು. ಎರಡು ತಟ್ಟೆಯ ತಕ್ಕಡಿಯನ್ನು ಅವನು ಕಣ್ಣುಮುಚ್ಚಿ ತೂಗಿಸಬಲ್ಲ. ಇದು ಯಾವನೋ ಪುಣ್ಯಾತ್ಮ ಕಂಡುಹಿಡಿದ ಮೂರು ತಟ್ಟೆಯ ತಕ್ಕಡಿ, ಹಿಡಿಯುವುದಕ್ಕೆ ಮಾತ್ರ ಎರಡೇ ಕೈ. ತಿಂಡಿಯೂ ಸೇರಲಿಲ್ಲ.

"ಮೇಲಿರೋ ಆ ಡಯಲ್‌ನಲ್ಲಿ ಹಸಿರು ಗುರುತಿದೆಯಲ್ಲ, ಅದು ಆಟೋ ತಾನೇ? ಅದಕ್ಕೆ ತಿರುಗಿಸಿ ತೆಗೀರಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲೇ!" ಎಂದ ಅರೆಗ್ರಾಂ. ನಾಲ್ಕು ದಿನದಲ್ಲಿ ಆ ಹಸಿರು ಗುರುತನ್ನು ಅವನು ಒಂದು ಸಲವೂ ಮುಟ್ಟಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕಚೇರಿಯ ಹದಿನಾಲ್ಕೂ ಜನ ದೊಡ್ಡ ಹಾಲಿನಲ್ಲಿ ಸೇರಿದರು. ಮೇಡಂ ನಡುವಿನ ಕುರ್ಚಿಯಲ್ಲಿ ಕೂತರು. ಮಾದರಿ ಕೋಣೆಯ ಉದ್ದನೆಯ ಹಿತ್ತಾಳೆ ಕೀ ಅವರ ಬೆರಳಿಗೇ ಸಿಕ್ಕಿಕೊಂಡಿತ್ತು. ಅರೆಗ್ರಾಂ ಕ್ಯಾಮೆರಾದಲ್ಲಿ ಕಣ್ಣಿಟ್ಟಾಗ ಮೊದಲು ಕಂಡದ್ದೇ ಅದು.

ಕ್ಲಿಕ್ ಎಂದಿತು. ಎಲ್ಲರೂ ಓಡಿಬಂದು ಸುತ್ತುವರಿದರು.

"ಅಯ್ಯೋ, ಕಪ್ಪು!" ಎಂದರು ಟೈಪಿಸ್ಟಮ್ಮ. "ನನ್ನ ಹೊಸ ಸೀರೆ ಎಲ್ಲಿ? ಇದಕ್ಕೇ ಅಂತ ಉಟ್ಕೊಂಡು ಬಂದಿದೀನಿ!"

"ಬೆಳಕು ಸಾಲ್ದು ಸಾರ್," ಎಂದ ಮುದ್ರೆಯಣ್ಣ. ಪಾಸಾದ ತಕ್ಕಡಿಗಳಿಗೆ ಸುತ್ತಿಗೆಯಲ್ಲಿ ಮುದ್ರೆ ಹೊಡೆಯುವುದು ಅವನ ಕೆಲಸವಾದ್ದರಿಂದ, ಜಗತ್ತಿನ ಎಲ್ಲ ತೊಂದರೆಗೂ ಒಂದು ಏಟು ಸಾಕು ಎಂದು ನಂಬಿದವನು. "ಇಲ್ಲಿ ಕೊಡಿ, ಒಂದು ತಟ್ತೀನಿ."

"ಮುಟ್ಟಬೇಡ! ಇದು ಪ್ರಯೋಗದ ಫೋಟೋ. ಬೆಳಕು ಅಳೆಯೋಕೆ ತೆಗೆದದ್ದು."

"ಹೌದೌದು," ಎಂದ ಹೌದೌದು. "ಅಳೆಯೋಕೆ ತೆಗೆದದ್ದು. ಪೂರ್ತಿ ಕತ್ತಲೆ ಅಂತ ಗೊತ್ತಾಯ್ತಲ್ಲ."

ಎರಡನೆಯದರಲ್ಲಿ ಎಲ್ಲರ ಮುಖದ ಮೇಲೂ ರವೆ ಚೆಲ್ಲಿದ ಹಾಗಿತ್ತು. ಮೂರನೆಯದರಲ್ಲಿ ಮೇಡಂಗೆ ಎರಡು ಮೂಗು. ಅರೆಗ್ರಾಂ ಅದನ್ನು ಯಾರಿಗೂ ತೋರಿಸದೆ ಅಳಿಸಿಹಾಕಿ, "ಹೊರಗೆ ಹೋಗೋಣ ಮೇಡಂ, ಮೆಟ್ಟಿಲ ಮೇಲೆ ಚೆನ್ನಾಗಿ ಬರುತ್ತೆ," ಎಂದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಹದಿಮೂರು ಜನ ಹದಿಮೂರು ಕುರ್ಚಿ ಹೊತ್ತು ಮೆಟ್ಟಿಲಿಗೆ ಬಂದರು. ಹೊರಗೆ ಬಿಸಿಲು ಉರಿಯುತ್ತಿತ್ತು. ಒಳಗಿನ ಕತ್ತಲೆಗೆಂದು ಮಾಡಿದ ಏರ್ಪಾಡು ಹಾಗೇ ಉಳಿದಿದ್ದರಿಂದ ನಾಲ್ಕನೇ ಫೋಟೋದಲ್ಲಿ ಕಚೇರಿಗೆ ಕಚೇರಿಯೇ ಮಾಯವಾಗಿ, ಬಿಳಿಯ ನಡುವೆ ಮುದ್ರೆಯಣ್ಣನ ಕಪ್ಪು ಮೀಸೆಯೊಂದೇ ತೇಲುತ್ತಿತ್ತು.

"ನೋಡಿದ್ರಾ, ನಾನೊಬ್ಬನೇ ಸರಿಯಾಗಿ ಬಂದಿರೋದು!" ಎಂದು ಅವನು ಹಿಗ್ಗಿದ.

ಅಲ್ಲಿಂದ ಸಲಹೆಗಳ ಸುರಿಮಳೆ. ಕಿಂಡಿ ಮುಚ್ಚಿ ಎಂದರು ಒಬ್ಬರು, ತೆರೆಯಿರಿ ಎಂದರು ಇನ್ನೊಬ್ಬರು. ತಮ್ಮ ಮಗಳ ಗೆಳತಿಯ ಗಂಡ ಫೋಟೋಗ್ರಾಫರ್ ಎಂಬ ಅಧಿಕಾರದಿಂದ ಟೈಪಿಸ್ಟಮ್ಮ ಮುಂದಿನ ಚಕ್ರವನ್ನು ಮೂರು ಸುತ್ತು ತಿರುಗಿಸಿದರು. "ಸ್ವಲ್ಪ ಹಿಂದಕ್ಕೆ," ಎಂದು ಹೌದೌದು ಹಿಂದಿನ ಚಕ್ರ ತಿರುಗಿಸಿದ. ಮುದ್ರೆಯಣ್ಣ ಕೊನೆಗೂ ಒಂದು ತಟ್ಟಿಯೇಬಿಟ್ಟ. ಯಾವ ಚಕ್ರ ಎಲ್ಲಿ ನಿಂತಿದೆ ಎಂಬ ಲೆಕ್ಕ ಅರೆಗ್ರಾಂಗೆ ಪೂರ್ತಿ ತಪ್ಪಿಹೋಯಿತು. ಐದನೇ ಫೋಟೋ ಇನ್ನೂ ಬೆಳ್ಳಗೇ ಇತ್ತು, ಆದರೆ ಈಗ ಎಲ್ಲರ ಕನ್ನಡಕಗಳೂ ಕಂಡವು.

ಮೇಡಂ ಗಡಿಯಾರ ನೋಡಿಕೊಂಡರು. "ನಾಲ್ಕೂವರೆ ಆಯ್ತು ಕಣ್ರಿ. ಮ್ಯಾನುವಲ್ ಅಂದ್ರೆ ಇಷ್ಟು ಹೊತ್ತಾ?" ಕೀ ಅವರ ಬೆರಳಲ್ಲಿ ಒಂದು ಸುತ್ತು ತಿರುಗಿತು. ಹೌದೌದು ಅದರ ಕಡೆ ನೋಡಿ ಮೆಲ್ಲಗೆ ನಕ್ಕ.

ಆ ನಗು ಅರೆಗ್ರಾಂನ ಹೊಟ್ಟೆಗೆ ಬೆಂಕಿ ಹಾಕಿತು. ಮುಂದಿನ ಹದಿನೆಂಟು ವರ್ಷ ಕಣ್ಣೆದುರು ಬಂತು: ಅದೇ ಬಿಸಿಲು, ಅದೇ ಮೆಟ್ಟಿಲು, ಅದೇ ಮೀನಿನ ಚಾಕು. ಅಷ್ಟು ಹೊತ್ತಿಗೆ ಒಂದು ದಪ್ಪ ಮೋಡ ಸೂರ್ಯನ ಮೇಲೆ ಬಂದು ಕೂತಿತು, ಎಲ್ಲರೂ ತಲೆಯೆತ್ತಿ ಅದನ್ನೇ ನೋಡಿದರು. ಅರೆಗ್ರಾಂ ಬೆನ್ನು ತಿರುಗಿಸಿ, ಬ್ಯಾಗಿನಲ್ಲಿ ಏನೋ ಹುಡುಕುವ ನೆಪದಲ್ಲಿ ಕ್ಯಾಮೆರಾವನ್ನು ಒಳಗಿಟ್ಟು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಡಯಲನ್ನು ಹಸಿರು ಗುರುತಿಗೆ ತಿರುಗಿಸಿದ.

"ಎಲ್ಲರೂ ಇಲ್ಲಿ ನೋಡಿ!"

ಕ್ಲಿಕ್.

ಏನು ಹೇಳಲಿ ಆ ಫೋಟೋದ ವಿಷಯ! ಟೈಪಿಸ್ಟಮ್ಮನ ಸೀರೆಯ ಅಂಚಿನ ಎಳೆ ಎಳೆಯೂ ಇತ್ತು. ಮುದ್ರೆಯಣ್ಣನ ಮೀಸೆಯ ಕೂದಲು ಎಣಿಸಬಹುದಿತ್ತು. ಮೇಡಂ ಮುಖದಲ್ಲಿ ಅವರಿಗೇ ಗೊತ್ತಿಲ್ಲದ ಒಂದು ಮೆಲುನಗು, ಬೆರಳಲ್ಲಿ ಕೀ ಹೊಳೆಯುತ್ತಿತ್ತು. ಜನ ಹೋ ಎಂದರು. "ಕೈ ಅಂದ್ರೆ ಇದು!" ಎಂದರು ಟೈಪಿಸ್ಟಮ್ಮ. ಹೌದೌದು ಕೂಡ ಒಂದೇ ಸಲ "ಹೌದು" ಎಂದ. ಇನ್ನೊಂದು ತೆಗೆಯಿರಿ ಎಂದು ಎಲ್ಲರೂ ದುಂಬಾಲು ಬಿದ್ದರು. ಅರೆಗ್ರಾಂ ಕ್ಯಾಮೆರಾವನ್ನು ಬ್ಯಾಗಿಗೆ ತುರುಕಿ ಜಿಪ್ಪು ಎಳೆದೇಬಿಟ್ಟ.

ಐದು ಗಂಟೆಗೆ ಮೇಡಂ ಅವನನ್ನು ತಮ್ಮ ಕೋಣೆಗೆ ಕರೆಸಿದರು. ಕೀ ಮೇಜಿನ ಮೇಲಿತ್ತು.

"ನೋಡಿ, ಆ ಬಟ್ಟುಗಳು ತಾವಾಗಿ ಯಾವತ್ತೂ ಸುಳ್ಳು ಹೇಳಲ್ಲ. ಹಿಡಿಯೋರೂ ಹೇಳಬಾರದು, ಅಷ್ಟೇ ಆ ಕೋಣೆ ಕಾನೂನು. ಇವತ್ತು ನಿಮ್ಮ ಕೈ, ನಿಮ್ಮ ಕಣ್ಣು ಎರಡನ್ನೂ ನೋಡಿದೆ. ತಗೊಳ್ಳಿ."

ಅರೆಗ್ರಾಂ ಕೈ ಚಾಚಿದ. ಕೈ ಅರ್ಧ ದಾರಿಗೆ ಹೋಗಿ ನಿಂತಿತು. ಅರ್ಧ ಗ್ರಾಂಗೆ ಕೇಸು ಬರೆದ ಕೈ ಅದು. ಬೇಡ ಬೇಡ ಎಂದು ಒಳಗೆ ಯಾರೋ ಕೂಗುತ್ತಿದ್ದರೂ ಬಾಯಿ ಕೇಳಲಿಲ್ಲ.

"ಮೇಡಂ... ಆ ಫೋಟೋ... ನಾನು ಆಟೋದಲ್ಲಿ ತೆಗೆದದ್ದು. ಮ್ಯಾನುವಲ್ ನನಗೆ ಬರಲ್ಲ. ನಾಲ್ಕು ದಿನದಿಂದ ನಿದ್ದೆ ಇಲ್ಲ. ಸೋಮವಾರ ಸುಮ್ಮನೆ ಕೊಚ್ಚಿಕೊಂಡೆ. ತಪ್ಪಾಯ್ತು."

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಮೂವತ್ತು ವರ್ಷ ಆಯ್ತು ಕಣ್ರಿ ನಾನು ಈ ಇಲಾಖೆಗೆ ಬಂದು," ಎಂದರು ನಿಧಾನವಾಗಿ. "ಅಂಗಡಿಯವನು ತಾನಾಗೇ ಬಂದು ನನ್ನ ತಕ್ಕಡಿಯಲ್ಲಿ ಮೋಸ ಇದೆ ಅಂದದ್ದನ್ನ ಒಂದು ಸಲವೂ ನೋಡಿಲ್ಲ. ಇವತ್ತು ನೋಡಿದೆ." ಅವರ ಕಣ್ಣು ಒದ್ದೆಯಾಗಿತ್ತು. "ಈಗ ನಿಮಗೇ ಕೊಡೋದು ಕೀ. ನಾಳೆ ಬೆಳಿಗ್ಗೆ, ಎಲ್ಲರ ಎದುರಿಗೆ. ಹೋಗಿ, ಚೆನ್ನಾಗಿ ನಿದ್ದೆ ಮಾಡಿ."

ಅರೆಗ್ರಾಂ ಮನೆಗೆ ನಡೆದು ಬಂದನೋ ತೇಲಿ ಬಂದನೋ ಅವನಿಗೇ ತಿಳಿಯಲಿಲ್ಲ. ಬಾಗಿಲಲ್ಲೇ ಹೆಂಡತಿಗೆ ಎಲ್ಲ ಹೇಳಿ, ಮಂಡಿ ನೋವು ಮರೆತು ಎರಡು ಸಲ ಕುಪ್ಪಳಿಸಿದ. ನಾಲ್ಕು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ. ಕೈ ತೊಳೆಯುವ ಹೊತ್ತಿಗೆ ಕ್ಯಾಮೆರಾ ತೆಗೆದುಕೊಂಡು ಹೋಗಲು ಭಾವ ಬಂದರು.

"ಭಾವ, ಭೇಷಾಗಿದೆ ನಿಮ್ಮ ಕ್ಯಾಮೆರಾ! ಆಟೋದಲ್ಲಿ ಎಂಥ ಫೋಟೋ ಬಂತು ನೋಡಿ."

ಭಾವ ಫೋಟೋ ನೋಡಿದರು. ಅರೆಗ್ರಾಂನ ಮುಖ ನೋಡಿದರು. "ಆಟೋನಾ? ಯಾವ ಆಟೋ ಕಣೋ? ಸೋಮವಾರ ಅದನ್ನೇ ಹೇಳೋಕೆ ಬಂದೆ, ನೀನು ಓಡಿಹೋದೆ. ಇದು ಬೀರು ಮೇಲಿಂದ ಬಿದ್ದು ಎರಡು ವರ್ಷ ಆಯ್ತು. ಆ ಡಯಲ್ ಸುಮ್ಮನೆ ತಿರುಗುತ್ತೆ ಅಷ್ಟೇ, ಒಳಗೆ ಏನೂ ಆಗಲ್ಲ. ಎಲ್ಲಿಗೆ ತಿರುಗಿಸಿದ್ರೂ ಕ್ಯಾಮೆರಾ ಮ್ಯಾನುವಲ್‌ನಲ್ಲೇ ಇರುತ್ತೆ. ನಾನು ಹೇಗೂ ಮ್ಯಾನುವಲ್ ಬಿಟ್ಟು ತೆಗೆಯೋನಲ್ಲ, ಅದಕ್ಕೇ ರಿಪೇರಿ ಮಾಡಿಸಲಿಲ್ಲ."

ಅರೆಗ್ರಾಂ ಬಗ್ಗಿ ಪರದೆಯನ್ನೇ ನೋಡಿದ. "ಹಾಗಾದ್ರೆ... ಈ ಫೋಟೋ..."

"ಮ್ಯಾನುವಲ್ಲೇ. ಮೋಡ ಗೀಡ ಬಂದು ನೀನು ಇಟ್ಟಿದ್ದಕ್ಕೆ ಬೆಳಕು ಸರಿಹೋಗಿರುತ್ತೆ."

ಮೋಡದ ಮಾತು ಅರೆಗ್ರಾಂನ ಕಿವಿಗೆ ಬೀಳಲೇ ಇಲ್ಲ. ಅವನ ಕಿವಿಯಲ್ಲಿ ಮ್ಯಾನುವಲ್ ಎಂಬ ಒಂದೇ ಮಾತು ಗಂಟೆ ಬಾರಿಸುತ್ತಿತ್ತು. ಅಂದರೆ ತೆಗೆದದ್ದು ಅವನೇ! ಅವನ ಕೈ, ಅವನ ಕಣ್ಣು! ಅಂಥ ಫೋಟೋವನ್ನು ತೆಗೆದು, ನನಗೆ ಬರುವುದಿಲ್ಲ ಎಂದು ತಾನೇ ಹೇಳಿಕೊಂಡು ಬಂದಿದ್ದ. ಅವನು ಫೋನಿಗೆ ಕೈ ಹಾಕಿದ.

ಹೆಂಡತಿ ಅವನ ಮಣಿಕಟ್ಟು ಹಿಡಿದಳು. "ಯಾರಿಗೆ?"

"ಮೇಡಂಗೆ. ನಿಜ ಗೊತ್ತಾಗಬೇಕಲ್ಲ ಅವರಿಗೆ."

"ರೀ, ನಿಮ್ಮ ದಮ್ಮಯ್ಯ. ಕೀ ಕೊಡ್ತೀನಿ ಅಂದಿದಾರೆ. ಬಾಯಿ ಮುಚ್ಕೊಂಡು ಮಲಗಿ."

"ಸುಳ್ಳಿನ ಮೇಲೆ ಕೀ ತಗೊಳ್ಲಾ? ಹೇಳಿದ್ದು ಸುಳ್ಳಾಯ್ತಲ್ಲೇ ಈಗ!" ಎಂದ ಅರೆಗ್ರಾಂ. ನಿಜದ ಮೇಲಿನ ಪ್ರೀತಿ ಅದರಲ್ಲಿ ಎಷ್ಟಿತ್ತೋ, ಮುಕ್ಕಾಲು ಪಾಲು ಬೇರೇನೋ ಇತ್ತು. ಭಾವ ತಲೆ ಕೆರೆದುಕೊಂಡರು. ಫೋನು ಆಗಲೇ ರಿಂಗಾಗುತ್ತಿತ್ತು.

ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದ. ಬೀರು, ಡಯಲ್, ಎರಡು ವರ್ಷ, ಎಲ್ಲ. "ಆದ್ದರಿಂದ ಅದು ಶುದ್ಧ ಮ್ಯಾನುವಲ್ ಮೇಡಂ! ನಾನೇ ತೆಗೆದದ್ದು!"

"ಅಂದ್ರೆ," ಎಂದರು ಮೇಡಂ, "ಡಯಲ್ ಸುಮ್ಮನೆ ತಿರುಗ್ತಿತ್ತು. ಒಳಗೆ ಏನೂ ತಿರುಗ್ತಿರಲಿಲ್ಲ."

"ಅದೇ ಮೇಡಂ, ಅದೇ!"

"ನಾಲ್ಕು ದಿನ ಅದು ನಿಮ್ಮ ಕೈಯಲ್ಲೇ ಇತ್ತು. ನೀವು ಪರೀಕ್ಷೆ ಮಾಡಲಿಲ್ಲ."

ಅರೆಗ್ರಾಂಗೆ ಸೋಮವಾರದ ಭಾಷಣ, ಚಪ್ಪಾಳೆಯ ಸಮೇತ, ನೆನಪಿಗೆ ಬಂತು.

"ನೋಡಿ. ಈಗ ನೀವು ಹೇಳ್ತಿರೋದು ಸುಳ್ಳಾದ್ರೆ ಆ ಕೀ ನಿಮಗೆ ಕೊಡೋ ಹಾಗಿಲ್ಲ. ನಿಜವಾದ್ರೆ ಅಂತೂ ಕೊಡೋ ಹಾಗೇ ಇಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಅದೇ ಅವನಿಗೆ ಹೆಚ್ಚು ಚುಚ್ಚಿತು. "ನಿಮ್ಮ ಪಕ್ಕದ ಮೇಜಿನವರಿಗೆ ಕೊಡ್ತೀನಿ. ಹತ್ತು ಗಂಟೆಗೆ. ಬರ್ತಾ ಆ ಕ್ಯಾಮೆರಾ ತನ್ನಿ, ಕೀ ಕೊಡೋದರದ್ದು ಒಂದು ಫೋಟೋ ಬೇಕು."

"ಮೇಡಂ, ಈ ಕ್ಯಾಮೆರಾದಲ್ಲಿ..."

"ಇನ್ನು ಮ್ಯಾನುವಲ್ ಗೀನುವಲ್ ಎಲ್ಲ ಬೇಡ. ಸುಮ್ಮನೆ ಆಟೋದಲ್ಲಿ ತೆಗೀರಿ," ಎಂದು ಮೇಡಂ ಫೋನಿಟ್ಟರು.

ಅರೆಗ್ರಾಂ ಕ್ಯಾಮೆರಾವನ್ನು ಭಾವನ ಕೈಯಿಂದ ಮೆಲ್ಲಗೆ ವಾಪಸ್ಸು ತೆಗೆದುಕೊಂಡ. ಡಯಲನ್ನು ಹಸಿರು ಗುರುತಿಗೆ ತಿರುಗಿಸಿ, ಅಡುಗೆಮನೆ ಬಾಗಿಲಲ್ಲಿ ಮಂಡಿಯೂರಿದ. ಹೆಂಡತಿ ಒಲೆಯ ಮುಂದೆ ಹೋಗಿ ನಿಂತಳು.

ಕ್ಲಿಕ್ ಎಂದಿತು. ಕಪ್ಪು.